ಹೊಸ ಯೋಜನೆಯ ಮಾತು ಎಲ್ಲಿ ಆಡಬೇಕು? ಚಾಟ್ ಗುಂಪಿನಿಂದ ಅರಳಿ ಕಟ್ಟೆಯವರೆಗೆ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಹತ್ತೂಮುಕ್ಕಾಲಿಗೆ ನಮ್ಮ ಸ್ವಯಂಸೇವಕರ ಚಾಟ್ ಗುಂಪಿಗೆ ಒಂದು ಸಂದೇಶ ಬಂತು: ‘ನಮ್ಮ ಕಡೆಯ ವೀರಗಲ್ಲುಗಳ ಫೋಟೊ ತೆಗೆದು, ಎಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಿ, ಒಂದೊಂದಕ್ಕೂ ನಾಲ್ಕು ಸಾಲು ಬರೆದರೆ ಹೇಗೆ?’ ಬೇಗೂರಿನ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಹೆಸರಿದೆ ಎಂದು ಅಂದು ಬೆಳಿಗ್ಗೆ ಯಾರೋ ಕಳಿಸಿದ್ದ ಚಿತ್ರವೇ ಅದಕ್ಕೆ ಕಿಡಿ. ಹತ್ತು ನಿಮಿಷದೊಳಗೆ ಹೆಬ್ಬೆರಳುಗಳ ಮೆರವಣಿಗೆ ಶುರುವಾಯಿತು. ‘ಬೇಲೂರು ಕಡೆಯ ಹಳ್ಳಿಗಳು ನನಗಿರಲಿ’ ಎಂದರು ಒಬ್ಬರು. ಶಿಕಾರಿಪುರ ನನ್ನದು ಎಂದರು ಇನ್ನೊಬ್ಬರು. ನಿವೃತ್ತ ಮೇಷ್ಟ್ರೊಬ್ಬರು ಎರಡೂವರೆ ನಿಮಿಷದ ಧ್ವನಿ ಸಂದೇಶ ಕಳಿಸಿದರು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬ ಒಳ್ಳೆಯ ಪಾಠವೇ ಅದರಲ್ಲಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಶುಭೋದಯದ ಹೂವು ಬಂತು. ಏಳಕ್ಕೆ ಸದಸ್ಯರೊಬ್ಬರ ಹುಟ್ಟುಹಬ್ಬ. ವೀರಗಲ್ಲು ಹೂವಿನಡಿಯಲ್ಲಿ ಹೂತುಹೋಯಿತು. ಎಂಟು ತಿಂಗಳ ಮೇಲೆ ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ಅದೇ ಯೋಜನೆಯನ್ನು, ತನಗೇ ಮೊದಲು ಹೊಳೆದದ್ದು ಎಂಬ ಉತ್ಸಾಹದಲ್ಲಿ ತಂದಳು. ‘ಇದನ್ನು ಆಗಲೇ ಮಾತಾಡಿಯಾಗಿದೆ’ ಎಂದವರು ಮೂವರು. ಏನು ಮಾತಾಡಿದ್ದೆವು ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಅವಳು ಮತ್ತೆ ಆ ಗುಂಪಿನಲ್ಲಿ ಬಾಯಿ ತೆರೆಯಲಿಲ್ಲ.

‘ನಮ್ಮ ಬಳಗ ಹೊಸ ಯೋಜನೆಗಳನ್ನು ಎಲ್ಲಿ ಚರ್ಚಿಸಬೇಕು?’ ಎಂದು ಯಾರಾದರೂ ಕೇಳಿದರೆ ಅಂದಿನಿಂದ ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ಅಂದು ಅಲ್ಲಿ ಇಲ್ಲದಿದ್ದವರು ಎರಡು ವರ್ಷದ ನಂತರ ಬಂದರೆ, ಏನು ಮಾತಾಯಿತು, ಯಾಕೆ ಬೇಕೆಂದೆವು ಅಥವಾ ಬೇಡವೆಂದೆವು ಎಂಬುದನ್ನು ಯಾರ ಹಂಗೂ ಇಲ್ಲದೆ ಓದಿಕೊಳ್ಳಬಹುದೇ? ವೇಗ, ಸೌಕರ್ಯ, ಚೆಂದ ಎಲ್ಲವೂ ಇದರ ನಂತರದ ಮಾತು.

ಇಲ್ಲಿ ನಾನು ಮುಖ್ಯವಾಗಿ ಕನ್ನಡ ವಿಕಿಪೀಡಿಯದಂಥ ಸಮುದಾಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಅದು ಆರಂಭವಾದದ್ದು 2003ರಲ್ಲಿ. ಅದರ ಕೆಲಸಗಾರರು ಬೆಂಗಳೂರು, ಮಂಗಳೂರು, ಮೈಸೂರು, ಅಮೆರಿಕ ಎಂದು ಚದುರಿಹೋದವರು. ಯಾರಿಗೂ ಸಂಬಳವಿಲ್ಲ, ಯಾರೂ ಯಾರಿಗೂ ಮೇಲಧಿಕಾರಿಯಲ್ಲ. ತಂತ್ರಾಂಶ ಕನ್ನಡೀಕರಿಸುವವರು, ಮುಕ್ತ ನಕ್ಷೆ ತುಂಬುವವರು, ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವವರು, ಎಲ್ಲರ ಪಾಡೂ ಹೆಚ್ಚು ಕಡಿಮೆ ಇದೇ.

ಚಾಟ್ ಗುಂಪು

ವಾಟ್ಸಾಪ್ ಬೇಡ ಎನ್ನುವುದು ಸುಲಭ, ಬಿಟ್ಟು ಬದುಕುವುದು ಕಷ್ಟ. ಜನ ಇರುವುದೇ ಅಲ್ಲಿ. ಮನೆಯ ಎಲ್ಲರ ಫೋನಿನಲ್ಲೂ ಅದು ಮೊದಲೇ ಇದೆ. ಹೊಸ ಖಾತೆ, ಹೊಸ ಗುಪ್ತಪದ ಏನೂ ಬೇಡ. ಒಂದು ಗುಂಪಿಗೆ 1,024 ಮಂದಿಯ ಮಿತಿ ಇದೆಯಾದರೂ ನಮ್ಮಂಥ ಬಳಗಗಳಿಗೆ ಅದೇನೂ ಅಡ್ಡಿಯಲ್ಲ. ಒಂದು ಯೋಚನೆ ಹುಟ್ಟಿದ ಬಿಸಿಯಲ್ಲೇ ನಾಲ್ಕು ಜನರ ಮುಂದೆ ಇಡಲು ಇದಕ್ಕಿಂತ ಹತ್ತಿರದ ಜಾಗವಿಲ್ಲ. ಕಿಡಿ ಇಲ್ಲಿಯೇ ಹೊತ್ತುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡುತ್ತೇನೆ.

ತೊಂದರೆ ಶುರುವಾಗುವುದು ಮರುದಿನ. ತಡವಾಗಿ ಸೇರಿದವರಿಗೆ ಹಿಂದಿನ ಮಾತುಕತೆ ಪೂರ್ತಿಯಾಗಿ ಸಿಗುವುದಿಲ್ಲ. ಸಿಕ್ಕಿದವರಿಗೂ ಹುಡುಕುವುದು ಹರಸಾಹಸ, ಅದರಲ್ಲೂ ಕನ್ನಡದಲ್ಲಿ. ‘ವೀರಗಲ್ಲು’ ಎಂದು ಹುಡುಕಿದಿರಿ ಎನ್ನಿ. ‘ವೀರಗಲ್ಲಿನ ಫೋಟೊ’, ‘ವೀರಗಲ್ಲಿಗೆ ಸುಣ್ಣ ಬಳಿದಿದ್ದಾರೆ’ ಎಂಬ ಸಂದೇಶಗಳು ಸಿಗುವುದಿಲ್ಲ, ಏಕೆಂದರೆ ವಿಭಕ್ತಿ ಸೇರಿದ ಕೂಡಲೇ ಕೊನೆಯ ‘ಲ್ಲು’ ಹೋಗಿ ‘ಲ್ಲಿ’ ಬಂದಿರುತ್ತದೆ. ‘ವೀರಗಲ್ಲ’ ಎಂದು ಬಾಲ ಕತ್ತರಿಸಿ ಹುಡುಕಿದರೆ ಕೆಲವು ಕಡೆ ಸಿಗುತ್ತವೆ. ಪೂರ್ತಿ ಪದವನ್ನೇ ಹೊಂದಿಸಿ ನೋಡುವ ಕಡೆ ಅದೂ ಇಲ್ಲ. ಅರ್ಧ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿರುತ್ತಾರೆ, ಅದರಲ್ಲೂ ‘ವೀ’ಗೆ ಒಬ್ಬರದು ಎರಡು ‘ಇ’, ಇನ್ನೊಬ್ಬರದು ಒಂದು ‘ಐ’. ಮೇಷ್ಟ್ರ ಧ್ವನಿ ಸಂದೇಶವಂತೂ ಯಾವ ಹುಡುಕಾಟಕ್ಕೂ ಸಿಗದೆ ಎರಡೂವರೆ ನಿಮಿಷದ ಒಂದು ಮೂಕ ಪಟ್ಟಿಯಾಗಿ ಕುಳಿತಿರುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವ ಬಳಗಗಳಿಗೆ ಚಾಟ್ ಗುಂಪು ಅರ್ಧ ಕಡತವಾದರೂ ಆಗಬಹುದು. ನಮಗೆ ಅದು ನೀರಿನ ಮೇಲಿನ ಬರಹ.

ಇನ್ನೊಂದು ಸಂಗತಿಯನ್ನು ಗುಂಪು ಕಟ್ಟುವ ಗಂಡಸರು ಮರೆಯುವುದೇ ಹೆಚ್ಚು. ವಾಟ್ಸಾಪ್ ಗುಂಪು ಸೇರಿದರೆ ಸಾಮಾನ್ಯವಾಗಿ ನಿಮ್ಮ ಫೋನ್ ನಂಬರು ಗುಂಪಿನ ಎಲ್ಲರ ಮುಂದೆ ಇರುತ್ತದೆ. ಕಾಲೇಜಿನ ಹುಡುಗಿಯೊಬ್ಬಳು ಮುನ್ನೂರು ಅಪರಿಚಿತರಿಗೆ ನಂಬರು ಕೊಟ್ಟು ತನ್ನ ಯೋಚನೆ ಹೇಳಬೇಕು ಎಂದರೆ, ‘ಮಹಿಳೆಯರು ಭಾಗವಹಿಸುವುದೇ ಇಲ್ಲ’ ಎಂದು ಆಮೇಲೆ ದೂರುವುದರಲ್ಲಿ ಅರ್ಥವಿಲ್ಲ. ಟೆಲಿಗ್ರಾಂನಲ್ಲಿ ನಂಬರು ಮುಚ್ಚಿಟ್ಟು ಬಳಕೆದಾರ ಹೆಸರಿನಿಂದ ಇರಬಹುದು. ಸಿಗ್ನಲ್ ಕೂಡ 2024ರಲ್ಲಿ ಈ ಸೌಲಭ್ಯ ತಂದಿತು. ಟೆಲಿಗ್ರಾಂ ಗುಂಪಿನಲ್ಲಿ ಹೊಸಬರಿಗೆ ಹಳೆಯ ಸಂದೇಶಗಳನ್ನು ತೋರಿಸಬಹುದು, ವಿಷಯವಾರು ಕೋಣೆಗಳನ್ನು ಮಾಡಬಹುದು, ಸಾರ್ವಜನಿಕ ಗುಂಪಾದರೆ ಒಂದೊಂದು ಸಂದೇಶಕ್ಕೂ ಕೊಂಡಿ ಸಿಗುತ್ತದೆ. ವಾಟ್ಸಾಪ್, ಟೆಲಿಗ್ರಾಂ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನನ್ನ ಮತ ಟೆಲಿಗ್ರಾಂಗೆ. ಆದರೆ ಮೇಷ್ಟ್ರು ಅಲ್ಲಿಗೆ ಬರುವುದಿಲ್ಲ, ಅವರಿಗಾಗಿ ವಾಟ್ಸಾಪ್ ಗುಂಪನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಅಲ್ಲಿಗೆ ಒಂದೇ ಚರ್ಚೆ ಎರಡು ಕಡೆ ಅರ್ಧರ್ಧ ನಡೆಯುತ್ತದೆ.

ಚಾಟ್ ಗುಂಪಿನಲ್ಲಿ ಮಾಡಲೇಬಾರದ ಕೆಲಸವೆಂದರೆ ಮತದಾನ. ಗುಂಡಿ ಒತ್ತಿದರೆ ಮತಪೆಟ್ಟಿಗೆ ಸಿದ್ಧ ಎಂಬ ಕಾರಣಕ್ಕೆ, ಯೋಚನೆ ಇನ್ನೂ ಕಾಯಿಯಾಗಿರುವಾಗಲೇ ‘ಹೌದು 14, ಇಲ್ಲ 2’ ಎಂದು ತೀರ್ಪು ಬಂದುಬಿಡುತ್ತದೆ. ಆ ಇಬ್ಬರು ಯಾಕೆ ಇಲ್ಲ ಎಂದರು? ಅದೇ ನಿಜವಾಗಿ ಬೇಕಾದ ಮಾತು, ಅದನ್ನೇ ಯಾರೂ ಕೇಳುವುದಿಲ್ಲ.

ಅರಳಿ ಕಟ್ಟೆ

ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಚರ್ಚೆಗೆಂದು ಇರುವ ಪುಟದ ಹೆಸರು ಅರಳಿ ಕಟ್ಟೆ. ಇಂಗ್ಲಿಷಿನವರು ತಮ್ಮದನ್ನು ಹಳ್ಳಿಯ ನೀರಿನ ಪಂಪು ಎಂದು ಕರೆದುಕೊಂಡರು. ನಮ್ಮವರು ಪದಕ್ಕೆ ಪದ ಇಟ್ಟು ‘ಬೋರ್‌ವೆಲ್’ ಎನ್ನದೆ ಕಟ್ಟೆ ಎಂದದ್ದು ಯಾರ ಪುಣ್ಯವೋ. ಊರ ಕಟ್ಟೆಯ ಗುಣವೆಂದರೆ ಅಲ್ಲಿ ಆಡಿದ ಮಾತು ದಾರಿಹೋಕನ ಕಿವಿಗೂ ಬೀಳುತ್ತದೆ, ಕರೆಯಿಲ್ಲದೆ ಯಾರು ಬೇಕಾದರೂ ಬಂದು ಕೂರಬಹುದು. ವಿಕಿಯ ಕಟ್ಟೆಗೆ ಇನ್ನೊಂದು ಗುಣ ಹೆಚ್ಚು: ಅಲ್ಲಿ ಆಡಿದ ಮಾತು ಉಳಿಯುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಏನು ಬರೆದರು, ಆಮೇಲೆ ಅದನ್ನು ಯಾರು ತಿದ್ದಿದರು ಎಂಬುದೆಲ್ಲ ಪುಟದ ಇತಿಹಾಸದಲ್ಲಿ ಇದೆ. ಪ್ರತಿ ಮಾತಿಗೂ ಸಹಿ ಇದೆ, ಪ್ರತಿ ಚರ್ಚೆಗೂ ಕೊಂಡಿ ಇದೆ. ಖಾತೆಯಿಲ್ಲದವರೂ ಓದಬಹುದು. ಹುಡುಕುವಾಗ ‘ವೀರಗಲ್ಲ’ ಎಂದು ಬರೆದು ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ವೀರಗಲ್ಲು, ವೀರಗಲ್ಲಿನ, ವೀರಗಲ್ಲಿಗೆ ಎಲ್ಲವೂ ಬರುತ್ತವೆ. ಹುಡುಕಾಟದಲ್ಲಿ ವಿಭಕ್ತಿಯನ್ನು ದಾಟುವುದು ಇಷ್ಟು ಸರಳವಾಗಿರುವ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಹಾಗಾದರೆ ಎಲ್ಲರೂ ಅಲ್ಲೇ ಯಾಕೆ ಮಾತಾಡುವುದಿಲ್ಲ? ಕಾರಣಗಳು ನಿಜವಾದವೇ.

ಮೊದಲನೆಯದು ಮುಜುಗರ. ಕಟ್ಟೆಯ ಮೇಲೆ ಬರೆದದ್ದು ಶಾಶ್ವತ ಎಂದು ಗೊತ್ತಾದ ಕೂಡಲೇ ಹೊಸಬರ ಕೈ ನಡುಗುತ್ತದೆ. ಕಾಗುಣಿತ ತಪ್ಪಿದರೆ? ಈ ಯೋಚನೆ ಬಾಲಿಶ ಎಂದರೆ? ಎರಡನೆಯದು ಬರೆಯುವ ಬಗೆ. ಚರ್ಚೆಗೆ ಉತ್ತರಿಸಲು ಸಾಲಿನ ಮುಂದೆ ವಿವರಣ ಚಿಹ್ನೆಗಳನ್ನು ಎಣಿಸಿ ಹಾಕಬೇಕಿದ್ದ, ಕೊನೆಯಲ್ಲಿ ನಾಲ್ಕು ಅಲೆ ಗೀಟು ಹಾಕಿ ಸಹಿ ಮಾಡಬೇಕಿದ್ದ ಕಾಲವೊಂದಿತ್ತು. ಈಗ ಉತ್ತರ ಕೊಡಲು ಗುಂಡಿ ಬಂದಿದೆ, ಸಹಿ ತಾನೇ ಬೀಳುತ್ತದೆ, ಒಂದು ಚರ್ಚೆಗೆ ಮಾತ್ರ ಚಂದಾದಾರರಾಗಿ ಯಾರಾದರೂ ಉತ್ತರಿಸಿದಾಗ ಸೂಚನೆ ಪಡೆಯಬಹುದು. ಆದರೂ ಒಮ್ಮೆ ಪೆಟ್ಟು ತಿಂದವರು ಹಿಂತಿರುಗಿ ನೋಡಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ ತಂದು ಅಂಟಿಸಿ, ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡಿದ್ದನ್ನು ಕಂಡು ಗಾಬರಿಯಾದ ಹಿರಿಯರನ್ನು ನಾನೇ ಸಮಾಧಾನ ಮಾಡಿದ್ದೇನೆ. ಯುನಿಕೋಡ್‌ಗೆ ಪರಿವರ್ತಿಸಿ ಅಂಟಿಸಿದರೆ ಮುಗಿಯಿತು, ಆದರೆ ಆ ಮಾತನ್ನು ಹೇಳಲು ಪಕ್ಕದಲ್ಲಿ ಒಬ್ಬರಿರಬೇಕು.

ಮೂರನೆಯದು ಸದ್ದು. ಸಣ್ಣ ಭಾಷೆಗಳ ವಿಕಿಗಳ ಕಟ್ಟೆಗೆ ಹೋಗಿ ನೋಡಿ. ಜಗತ್ತಿನ ಎಲ್ಲ ವಿಕಿಗಳಿಗೂ ಒಟ್ಟಿಗೆ ಕಳಿಸುವ ಇಂಗ್ಲಿಷ್ ಸುತ್ತೋಲೆಗಳು ಸಾಲುಸಾಲಾಗಿ ಬಿದ್ದಿರುತ್ತವೆ. ಚುನಾವಣೆಯ ಪ್ರಕಟಣೆ, ತಾಂತ್ರಿಕ ಸುದ್ದಿ, ಅರ್ಜಿಯ ಕೊನೆಯ ದಿನಾಂಕ. ನಡುವೆ ಎಲ್ಲೋ ಕನ್ನಡದ ಎರಡು ಸಾಲು. ಇದಕ್ಕೆ ಮದ್ದು ಸುಲಭ: ಸುತ್ತೋಲೆಗಳಿಗೆ ಬೇರೆ ಪುಟ ಮಾಡಿ, ಹಂಚಿಕೆಯ ಪಟ್ಟಿಯಲ್ಲಿ ಆ ಪುಟದ ಹೆಸರನ್ನು ಕೊಡುವುದು.

ನಾಲ್ಕನೆಯದೇ ದೊಡ್ಡದು, ಮೌನ. ಬರೆದು ಹತ್ತು ದಿನವಾದರೂ ಒಬ್ಬರೂ ಮಾತಾಡದಿದ್ದರೆ ಅದನ್ನು ಒಪ್ಪಿಗೆ ಎನ್ನುವುದೋ ತಿರಸ್ಕಾರ ಎನ್ನುವುದೋ? ಗಡುವು ಇಲ್ಲದ ಕಡೆ ಮೌನಕ್ಕೆ ಅರ್ಥವಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯವರು ಇದನ್ನು ಚೆನ್ನಾಗಿ ಕಟ್ಟಿಕೊಂಡಿದ್ದಾರೆ. ನಕ್ಷೆಯಲ್ಲಿ ಹೊಸ ಬಗೆಯ ಗುರುತಿಗೆ ಸಮುದಾಯದ ಒಪ್ಪಿಗೆ ಬೇಕೆನಿಸಿದವರು ಅವರ ವಿಕಿಯಲ್ಲಿ ಪ್ರಸ್ತಾವದ ಪುಟ ಬರೆಯಬೇಕು, ಅಭಿಪ್ರಾಯಕ್ಕೆ ಕನಿಷ್ಠ ಎರಡು ವಾರ ಬಿಡಬೇಕು, ಆಮೇಲಷ್ಟೇ ಮತಕ್ಕೆ ಇಡಬೇಕು, ಮತಕ್ಕೂ ಕನಿಷ್ಠ ಎರಡು ವಾರ. ನಮ್ಮ ಬಳಗಕ್ಕೆ ಮತದ ಭಾಗ ಬೇಕಿಲ್ಲ. ‘ಇಂಥ ದಿನಾಂಕದೊಳಗೆ ಆಕ್ಷೇಪ ಬಾರದಿದ್ದರೆ ಶುರು ಮಾಡುತ್ತೇನೆ’ ಎಂಬ ಒಂದು ಸಾಲು ಸಾಕು. ಆ ಸಾಲು ಬರೆದ ಮೇಲೆ ಅದುವರೆಗೆ ಕಾಣದವರೂ ಬಂದು ಮಾತಾಡುತ್ತಾರೆ, ಆಕ್ಷೇಪಣೆಗೆ ಇರುವಷ್ಟು ಸೆಳೆತ ಆಮಂತ್ರಣಕ್ಕೆ ಇಲ್ಲ.

ಮುಜುಗರಕ್ಕೆ ಮದ್ದನ್ನು ಇಂಗ್ಲಿಷ್ ವಿಕಿಪೀಡಿಯದಿಂದ ಎರವಲು ತರಬಹುದು. ಅಲ್ಲಿ ಕಟ್ಟೆ ಒಂದೇ ಅಲ್ಲ, ಹಲವು ಭಾಗ. ಪ್ರಸ್ತಾವಗಳಿಗೆ ಒಂದು, ಹಸಿ ಯೋಚನೆಗಳಿಗೆ ಬೇರೆಯೇ ಒಂದು. ಈ ಎರಡನೆಯದರಲ್ಲಿ ಬರೀ ಬೆಂಬಲ, ಬರೀ ವಿರೋಧ ಎಂದು ಹೇಳಿ ಹೋಗುವುದಕ್ಕೆ ಜಾಗವಿಲ್ಲ; ಯೋಚನೆಗೆ ಏನನ್ನಾದರೂ ಸೇರಿಸಬೇಕು, ಅಥವಾ ಎಲ್ಲಿ ಕುಂಟುತ್ತದೆ ಎಂದು ತೋರಿಸಬೇಕು. ಕನ್ನಡದಲ್ಲಿ ಅಷ್ಟು ಕಟ್ಟೆಗಳನ್ನು ಕಟ್ಟಿದರೆ ಕೂರಲು ಜನ ಸಾಲುವುದಿಲ್ಲ. ನಾನು ಮಾಡುವುದು ಇಷ್ಟು: ಯೋಜನೆಗೆಂದೇ ಒಂದು ಸಣ್ಣ ಪುಟ ತೆರೆದು, ಮೇಲುಗಡೆ ‘ಇದು ಕರಡು, ಮತ ಬೇಡ, ತಿದ್ದುಪಡಿ ಬೇಕು’ ಎಂದು ಬರೆಯುತ್ತೇನೆ. ಕಟ್ಟೆಯ ಮೇಲೆ ಆ ಪುಟದ ಕೊಂಡಿ ಕೊಟ್ಟು ಎರಡೇ ಸಾಲು ಹಾಕುತ್ತೇನೆ. ಜಗಳವಾದರೂ ಅದು ಯೋಜನೆಯ ಚರ್ಚೆಪುಟದಲ್ಲಿ ಆಗುತ್ತದೆ, ಕಟ್ಟೆ ಚೊಕ್ಕಟವಾಗಿರುತ್ತದೆ.

ಇ-ಮೇಲ್, ಡಿಸ್ಕೋರ್ಸ್

ಇ-ಮೇಲ್ ಗುಂಪುಗಳನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕುವವರಿದ್ದಾರೆ. ಯೋಚಿಸಿ ಬರೆಯುವವರಿಗೆ ಅದು ಈಗಲೂ ಹಿತ. ರಾತ್ರಿ ಹತ್ತೂಮುಕ್ಕಾಲಿಗೆ ಹೆಬ್ಬೆರಳು ಒತ್ತುವವರು ಅಲ್ಲಿ ಕಡಿಮೆ. ಸಾರ್ವಜನಿಕ ಕಡತವಿದ್ದರೆ ಮಾತುಗಳೂ ಉಳಿಯುತ್ತವೆ. ಆದರೆ ಕಡತ ಯಾರ ಮನೆಯಲ್ಲಿದೆ ಎಂಬುದನ್ನು ನೋಡಬೇಕು. ಯಾಹೂ ಗ್ರೂಪ್ಸ್ 2019ರ ಕೊನೆಯಲ್ಲಿ ಹಳೆಯ ಕಡತಗಳನ್ನು ಅಳಿಸಲು ಹೊರಟಿತು, 2020ರ ಡಿಸೆಂಬರಿನಲ್ಲಿ ಪೂರ್ತಿ ಮುಚ್ಚಿತು. ಅದಕ್ಕೂ ಮೊದಲು ಆರ್ಕುಟ್ 2014ರ ಸೆಪ್ಟೆಂಬರ್ 30ರಂದು, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಬಾಗಿಲು ಹಾಕಿದ್ದವು. ಆ ಅಂಗಳಗಳಲ್ಲಿ ಕನ್ನಡದ ಬಗ್ಗೆ ಜನ ಆಡಿದ ಎಷ್ಟು ಮಾತು ಹೋಯಿತು ಎಂದು ಅಂದು ಅಲ್ಲಿದ್ದವರನ್ನು ಕೇಳಿ.

ಇ-ಮೇಲಿನ ನಿಜವಾದ ದೌರ್ಬಲ್ಯ ಚರ್ಚೆ ಕಾವೇರಿದಾಗ ಗೊತ್ತಾಗುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯದ ಕಥೆ ಇಲ್ಲಿ ಹೇಳಬೇಕು. ಅಲ್ಲಿ ಹೊಸ ಸಲಹೆ ತರುವವರು ‘ಪೆಪ್’ ಎಂಬ ಬರಹ ಸಿದ್ಧಪಡಿಸುತ್ತಾರೆ, ಈ ಪದ್ಧತಿ 2000ದಿಂದ ಇದೆ. ಚರ್ಚೆ ಬೇರೆ ಕಡೆ ನಡೆಯುತ್ತದೆ, ಆದರೆ ಸಾರ ಪೆಪ್‌ನೊಳಗೆ ಬಂದು ಕೂರಬೇಕು, ಚರ್ಚೆ ಎಲ್ಲಿ ನಡೆಯಿತು ಎಂಬ ಕೊಂಡಿಯೂ ಇರಬೇಕು. ತಿರಸ್ಕೃತವಾದ ಪೆಪ್‌ಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ. 2018ರಲ್ಲಿ 572ನೇ ಪೆಪ್ ಬಂತು. ಲೆಕ್ಕ ಮಾಡುತ್ತಲೇ ಹೆಸರಿಗೆ ಬೆಲೆ ತುಂಬುವ ಒಂದು ಪುಟ್ಟ ಚಿಹ್ನೆ ಬೇಕೇ ಬೇಡವೇ ಎಂಬುದು ವಿಷಯ. ಇ-ಮೇಲ್‌ಗಳು ಬಂದೇ ಬಂದವು. ಅದೇ ವಾದ, ಅದೇ ಉತ್ತರ, ಮತ್ತೆ ಅದೇ ವಾದ. ಕೊನೆಗೆ ಸಲಹೆ ಒಪ್ಪಿಗೆಯಾಯಿತು, ಆದರೆ ಭಾಷೆಯ ಜನಕ ಗೀಡೊ ವಾನ್ ರಾಸಮ್ ಆ ಜಗಳದಿಂದ ಬೇಸತ್ತು ಜುಲೈ 12ರಂದು ಅಂತಿಮ ತೀರ್ಮಾನದ ಹೊಣೆಯನ್ನೇ ಬಿಟ್ಟರು. ಅಲ್ಲಿಂದಾಚೆಗೆ ಪೈಥಾನಿನವರ ಚರ್ಚೆ ಹಂತಹಂತವಾಗಿ ಡಿಸ್ಕೋರ್ಸ್ ಎಂಬ ಜಾಲ ಚರ್ಚಾ ವೇದಿಕೆಗೆ ಸರಿಯಿತು. ಜಾಗ ಬದಲಾದದ್ದರಿಂದ ಜನರ ಸ್ವಭಾವ ಬದಲಾಗಲಿಲ್ಲ. ಆದರೆ ಮೇಲ್ವಿಚಾರಕರು ಅಡ್ಡದಾರಿ ಹಿಡಿದ ಮಾತನ್ನು ಬೇರೆ ಎಳೆಯಾಗಿ ಕತ್ತರಿಸಿಡಬಹುದು, ಓಟಕ್ಕೆ ಕಡಿವಾಣ ಹಾಕಬಹುದು. ಒಬ್ಬರ ಅಂಚೆಪೆಟ್ಟಿಗೆ ಸೇರಿದ ಇ-ಮೇಲನ್ನು ಹೀಗೆ ಮಾಡಲಾಗದು.

ಡಿಸ್ಕೋರ್ಸ್ ಮುಕ್ತ ತಂತ್ರಾಂಶ. ನೋಡಲು ಚೆನ್ನ, ಮೊಬೈಲಿನಲ್ಲಿ ಓಡುತ್ತದೆ, ಇ-ಮೇಲ್ ಪ್ರಿಯರಿಗೆ ಇ-ಮೇಲ್ ಕಳಿಸುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನವರೂ 2022ರಲ್ಲಿ ತಮ್ಮ ಸಮುದಾಯದ ಮಾತುಕತೆಗೆ ಇದನ್ನೇ ಆರಿಸಿಕೊಂಡರು. ನೋಡಿದವರಿಗೆಲ್ಲ ‘ನಮಗೂ ಒಂದು ಬೇಕು’ ಎನಿಸುತ್ತದೆ, ನನಗೂ ಅನಿಸಿತ್ತು. ಅಲ್ಲಿ ನಿಂತು ಎರಡು ಲೆಕ್ಕ ಹಾಕಿ. ಸರ್ವರಿನ ಬಾಡಿಗೆ, ಡೊಮೇನ್ ನವೀಕರಣ, ತಂತ್ರಾಂಶದ ಪರಿಷ್ಕರಣೆ ಮುಂದಿನ ಐದು ವರ್ಷ ಯಾರ ಹೆಗಲಿಗೆ? ಒಬ್ಬ ಉತ್ಸಾಹಿ ಹುಡುಗನ ಹೆಗಲಿಗೆ ಎಂದಾದರೆ, ಅವನಿಗೆ ಕೆಲಸ ಸಿಕ್ಕಿ ಪುಣೆಗೆ ಹೋದ ವರ್ಷ ನಿಮ್ಮ ಕಡತವೂ ಹೋಗುತ್ತದೆ. ಎರಡನೆಯ ಲೆಕ್ಕ ಜನರದು. ದಿನಕ್ಕೆ ಒಂದಾದರೂ ಹೊಸ ಮಾತು ಬೀಳದ ಅಂಗಳಕ್ಕೆ ಜನ ಎರಡನೆಯ ಸಲ ಬರುವುದಿಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದಂಥ ಸಂಸ್ಥೆಯೇ 2019ರಲ್ಲಿ ‘ವಿಕಿಮೀಡಿಯ ಸ್ಪೇಸ್’ ಎಂಬ ಹೊಸ ಅಂಗಳವನ್ನು ಡಿಸ್ಕೋರ್ಸ್ ಮೇಲೆ ತೆರೆದು, ಮರುವರ್ಷವೇ ಮುಚ್ಚಿತು. ದುಡ್ಡು, ತಂತ್ರಜ್ಞರು ಇದ್ದವರ ಪಾಡೇ ಇದು. ಹತ್ತಿಪ್ಪತ್ತು ಜನರ ಕನ್ನಡ ಬಳಗಕ್ಕೆ ಪ್ರತ್ಯೇಕ ಡಿಸ್ಕೋರ್ಸ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ

ಕಚೇರಿಗಳ ಚಾಟ್ ತಾಣವಾದ ಸ್ಲ್ಯಾಕ್‌ನ ಉಚಿತ ಯೋಜನೆಯಲ್ಲಿ 2022ರ ಸೆಪ್ಟೆಂಬರಿನಿಂದ 90 ದಿನಗಳ ಮಾತು ಮಾತ್ರ ಕಾಣುತ್ತದೆ. ಯುಗಾದಿಗೆ ಹುಟ್ಟಿದ ಯೋಚನೆ ಗಣೇಶನ ಹಬ್ಬಕ್ಕೆ ಮಾಯ. ಕಚೇರಿಗೆ ಸರಿ, ಸ್ವಯಂಸೇವಕರಿಗೆ ಬೇಡ. ಡಿಸ್ಕಾರ್ಡ್ ಆಟವಾಡುವ ಹುಡುಗರಿಗೆ ಮನೆಯಂತೆ, ಐವತ್ತು ದಾಟಿದವರಿಗೆ ಜಾತ್ರೆಯಲ್ಲಿ ಕಳೆದುಹೋದಂತೆ. ಹೊರಗಿನಿಂದ ಗೂಗಲ್‌ನಲ್ಲಿ ಹುಡುಕಿದರೆ ಅಲ್ಲಿನ ಮಾತು ಸಿಗುವುದೂ ಇಲ್ಲ. ಝುಲಿಪ್ ಎಂಬ ಚಾಟ್ ತಂತ್ರಾಂಶದಲ್ಲಿ ಪ್ರತಿ ಮಾತಿಗೂ ವಿಷಯದ ತಲೆಬರಹ ಕಡ್ಡಾಯವೆಂಬಷ್ಟು ಮುಖ್ಯ, ಹಾಗಾಗಿ ಹುಟ್ಟುಹಬ್ಬದಡಿ ವೀರಗಲ್ಲು ಹೂತುಹೋಗುವುದಿಲ್ಲ. ತಂತ್ರಾಂಶ ಬರೆಯುವವರ ಬಳಗವಾದರೆ ಇದನ್ನು ನೋಡಿ. ಫೇಸ್‌ಬುಕ್ ಗುಂಪು ಹೊಸಬರನ್ನು ಹಿಡಿಯಲು ಒಳ್ಳೆಯ ಬಲೆ, ಅಷ್ಟೇ. ಯಾವ ಮಾತು ಯಾರಿಗೆ ಯಾವಾಗ ಕಾಣಬೇಕು ಎಂಬುದನ್ನು ಅಲ್ಲಿ ನೀವು ತೀರ್ಮಾನಿಸುವುದಿಲ್ಲ.

ಮುಖಾಮುಖಿ

ಬರಹದಲ್ಲಿ ಬಗೆಹರಿಯದ ಜಗಳಕ್ಕೆ ವಿಡಿಯೊ ಭೇಟಿಯೇ ಮದ್ದು. ಚಾಟಿನಲ್ಲಿ ಮೂರು ದಿನ ಮುನಿಸಿಕೊಂಡ ಇಬ್ಬರು ಪರದೆಯ ಮೇಲೆ ಮುಖ ನೋಡಿ ಹತ್ತು ನಿಮಿಷದಲ್ಲಿ ನಕ್ಕಿದ್ದನ್ನು ಕಂಡಿದ್ದೇನೆ. ಭಾನುವಾರ ರಾತ್ರಿ ಎಂಟು ಗಂಟೆ ನಮ್ಮಲ್ಲಿ ರೂಢಿಯಾಗಿದೆ: ದುಬೈಯಲ್ಲಿ ಆರೂವರೆ, ಬೇಸಿಗೆಯಲ್ಲಾದರೆ ಲಂಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತೂವರೆ. ಕ್ಯಾಲಿಫೋರ್ನಿಯಾದವರು ಏಳೂವರೆಗೆ ಕಾಫಿ ಲೋಟದೊಂದಿಗೆ ಬರುತ್ತಾರೆ. ಝೂಮ್‌ನ ಉಚಿತ ಭೇಟಿಗೆ 40 ನಿಮಿಷ, ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷದ ಮಿತಿ. ಮಿತಿಯನ್ನು ಬೈಯುವವರೇ ಹೆಚ್ಚು, ನನಗೋ ಅದು ಶಾಲೆಯ ಗಂಟೆಯಷ್ಟು ಪ್ರಿಯ.

ಆದರೆ ಭೇಟಿಯಲ್ಲಿ ಗಟ್ಟಿ ದನಿಯವರದೇ ಯೋಜನೆ. ಹೊಸಬರು ಮೈಕು ಮುಚ್ಚಿ ಕೂರುತ್ತಾರೆ, ಬರಲಾಗದವರಿಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ನಡೆಯುತ್ತಿರುವಾಗಲೇ ಒಬ್ಬರು ಎಲ್ಲರಿಗೂ ಕಾಣುವ ಪುಟದಲ್ಲಿ ಟಿಪ್ಪಣಿ ಬರೆಯಬೇಕು. ‘ಆಮೇಲೆ ಬರೆದು ಕಳಿಸುತ್ತೇನೆ’ ಎಂದ ಟಿಪ್ಪಣಿ ಬಂದದ್ದನ್ನು ನಾನು ನೋಡಿಲ್ಲ. ನನ್ನದೂ ಎರಡು ಬಾಕಿ ಇವೆ. ಒಟ್ಟಿಗೆ ಕೂತು ವಿಕಿಗೆ ಬರೆಯುವ ಸಂಪಾದನೋತ್ಸವಗಳಲ್ಲಿ ಊಟದ ಹೊತ್ತಿಗೆ ಹುಟ್ಟುವ ಯೋಚನೆಗಳಿಗೂ ಇದೇ ನಿಯಮ, ಎಲೆ ಎತ್ತುವ ಮೊದಲೇ ಬರೆದಿಡಿ.

ಒಪ್ಪಿಗೆ ಬೇರೆಯವರದಾದರೆ

ಕೆಲವು ಯೋಜನೆಗಳ ತೀರ್ಮಾನ ನಮ್ಮ ಕೈಯಲ್ಲಿರುವುದಿಲ್ಲ, ಆಗ ಅವರ ಅಂಗಳಕ್ಕೇ ಹೋಗಬೇಕು. ತುಳು ವಿಕಿಪೀಡಿಯವನ್ನು ನೋಡಿ. 2008ರಲ್ಲಿ ಪ್ರಾಯೋಗಿಕ ತಾಣದಲ್ಲಿ ಶುರುವಾದದ್ದು ಸ್ವಂತ ವಿಕಿಯಾದದ್ದು 2016ರ ಆಗಸ್ಟಿನಲ್ಲಿ. ಹೊಸ ಭಾಷೆಯ ವಿಕಿಗೆ ಒಪ್ಪಿಗೆ ಕೊಡುವುದು ವಿಕಿಮೀಡಿಯದ ಭಾಷಾ ಸಮಿತಿ, ಕೋರಿಕೆ ಹೋಗಬೇಕಾದದ್ದು ಎಲ್ಲ ವಿಕಿಗಳಿಗೂ ಸಾಮಾನ್ಯವಾದ ಮೆಟಾ ತಾಣಕ್ಕೆ. ತಿಂಗಳುಗಟ್ಟಲೆ ನಿರಂತರವಾಗಿ ಬರೆಯುವ ಜನರಿದ್ದಾರೆಯೇ ಎಂಬುದನ್ನು ಅವರು ನೋಡುತ್ತಾರೆ. ಮಂಗಳೂರಿನ ಯಾವ ಚಾಟ್ ಗುಂಪಿನಲ್ಲಿ ಎಷ್ಟು ಹೆಬ್ಬೆರಳು ಬಿದ್ದಿದ್ದರೂ ಅವರಿಗೆ ಅದು ಕಾಣುವುದಿಲ್ಲ.

ಸಣ್ಣ ಬದಲಾವಣೆಗೂ ಹೀಗೆಯೇ. ಒಂದು ವಿಕಿಯ ಲಾಂಛನವೋ ಸದಸ್ಯರ ಹಕ್ಕೋ ಬದಲಾಗಬೇಕು ಎಂದು ತಂತ್ರಜ್ಞರನ್ನು ಕೋರಿದರೆ ಅವರು ಮೊದಲು ಕೇಳುವುದು ‘ಸಮುದಾಯ ಒಪ್ಪಿದ ಚರ್ಚೆಯ ಕೊಂಡಿ ಎಲ್ಲಿ?’ ಎಂದು. ಪರದೆಯ ಚಿತ್ರ ತೆಗೆದು ಕಳಿಸಿದರೆ ನಡೆಯದು. ಕೊಂಡಿ ಸಿಗುವ ಜಾಗದಲ್ಲಿ ಮಾತಾಡಿಲ್ಲದವರು ಆಗ ಎಲ್ಲವನ್ನೂ ಕಟ್ಟೆಯ ಮೇಲೆ ಮತ್ತೆ ಆಡಬೇಕಾಗುತ್ತದೆ. ಎರಡನೆಯ ಸಲ ಆಡಿದ ಮಾತಿನಲ್ಲಿ ಮೊದಲಿನ ಉತ್ಸಾಹ ಇರುವುದಿಲ್ಲ, ‘ಅಂದೇ ಹೇಳಿದ್ದೆನಲ್ಲ’ ಎಂಬ ಸಿಡುಕು ಮಾತ್ರ ಇರುತ್ತದೆ.

ನನ್ನ ಆಯ್ಕೆ

ಐದಾರು ಜನರ ಬಳಗವಾದರೆ ಇಷ್ಟೆಲ್ಲ ಬೇಡ: ಒಂದು ಚಾಟ್ ಗುಂಪು, ಒಂದು ಹಂಚಿಕೊಂಡ ದಾಖಲೆ, ಅದರ ಕೊಂಡಿ ಗುಂಪಿನ ನೆತ್ತಿಗೆ ಅಂಟಿಸಿದ್ದರೆ ಆಯಿತು. ಹತ್ತರಿಂದ ಐವತ್ತು ಜನರಿದ್ದು, ಕೆಲಸವೂ ವಿಕಿಯಲ್ಲೇ ಇದ್ದರೆ ತೀರ್ಮಾನ ಅರಳಿ ಕಟ್ಟೆಯಲ್ಲೇ ಆಗಲಿ, ಚಾಟ್ ಕೂಗಿ ಕರೆಯಲು ಮಾತ್ರ ಇರಲಿ. ಕೆಲಸ ವಿಕಿಯ ಹೊರಗಿದ್ದು ಸ್ವಂತ ಕಟ್ಟೆಯೇ ಇಲ್ಲದಿದ್ದರೆ ಸಾರ್ವಜನಿಕ ಕಡತವಿರುವ ಇ-ಮೇಲ್ ಗುಂಪು ಸಾಕು, ಆದರೆ ಆ ಕಡತದ ಒಂದು ಪ್ರತಿ ವರ್ಷಕ್ಕೊಮ್ಮೆ ನಿಮ್ಮ ಕೈಗೆ ಬರಲಿ. ನೂರಾರು ಜನ ದಿನವೂ ಮಾತಾಡುತ್ತಿದ್ದು, ಸರ್ವರ್ ನೋಡಿಕೊಳ್ಳಲು ಕನಿಷ್ಠ ಇಬ್ಬರಿದ್ದರೆ ಡಿಸ್ಕೋರ್ಸ್.

ಯಾವುದನ್ನು ಆರಿಸಿದರೂ ಒಂದು ಕೆಲಸಕ್ಕೆ ಹೆಸರು ಹಚ್ಚಬೇಕು: ಚಾಟಿನಲ್ಲಿ ಹುಟ್ಟಿದ್ದನ್ನು ಕಟ್ಟೆಗೆ ಹೊತ್ತುಕೊಂಡು ಹೋಗುವವರು ಯಾರು? ‘ಎಲ್ಲರೂ’ ಎಂದರೆ ಯಾರೂ ಇಲ್ಲ. ಯೋಚನೆ ತಂದವರೇ ಹೊರಬೇಕು ಎಂಬ ನಿಯಮ ಮಾಡಿದೆವು, ಆದರೆ ಹೊಸಬರಿಗೆ ಅದೇ ಹೆದರಿಕೆಯಾಯಿತು. ಈಗ ತಿಂಗಳಿಗೊಬ್ಬರ ಪಾಳಿ. ಪಾಳಿಯವರು ವಾರಕ್ಕೊಮ್ಮೆ ಗುಂಪಿನ ಸಂದೇಶಗಳನ್ನು ಮೇಲಿನಿಂದ ಕೆಳಗೆ ಓದಿ, ಯೋಚನೆ ಎನಿಸಿದ್ದನ್ನು ಐದು ಸಾಲಿನಲ್ಲಿ ಬರೆಯುತ್ತಾರೆ: ಏನು, ಯಾರು ತಂದದ್ದು, ಯಾರು ಏನು ಮಾಡುತ್ತೇನೆಂದರು, ಯಾರಿಗೆ ಏನು ಅನುಮಾನ, ಯಾವ ದಿನಾಂಕದವರೆಗೆ ಕಾಯುವುದು. ಚಾಟ್ ಖಾಸಗಿ ಜಗಲಿ, ಕಟ್ಟೆ ಸಾರ್ವಜನಿಕ. ಹಾಗಾಗಿ ಹೆಸರು ಹಾಕುವ ಮೊದಲು ಆಯಾ ಜನರನ್ನು ಕೇಳುತ್ತಾರೆ. ಧ್ವನಿ ಸಂದೇಶವಿದ್ದರೆ ಕೇಳಿ ಬರೆದುಕೊಳ್ಳುತ್ತಾರೆ. ಬೇಡವೆಂದು ಬಿಟ್ಟ ಯೋಚನೆಗಳಿಗೂ ಪುಟದ ಕೊನೆಯಲ್ಲಿ ಜಾಗವಿದೆ, ಕಾರಣದ ಸಮೇತ.

ನನ್ನ ಪಾಳಿ ಬಂದ ತಿಂಗಳು ಮೊದಲು ಮಾಡಿದ ಕೆಲಸ ಆ ಹಳೆಯ ರಾತ್ರಿಯನ್ನು ಹುಡುಕಿದ್ದು. ‘ವೀರಗಲ್ಲು’ ಎಂದು ಹುಡುಕಿದರೆ ಸಿಗಲಿಲ್ಲ. ‘ಬೇಲೂರು’ ಎಂದಾಗ ಸಿಕ್ಕಿತು. ಮೇಷ್ಟ್ರ ಧ್ವನಿಯ ಕಡತ ಫೋನಿನಿಂದ ಅಳಿಸಿಹೋಗಿತ್ತು, ಅವರಿಗೇ ಕರೆ ಮಾಡಿ ಕೆಳಗಿನಿಂದ ಮೇಲಕ್ಕೆ ಓದುವ ಪಾಠವನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡೆ. ಪುಟದ ಮೇಲೆ ‘ಕರಡು’ ಎಂದು ಹಾಕಿ ಕೊಂಡಿಯನ್ನು ಆ ವಿದ್ಯಾರ್ಥಿನಿಗೆ ಕಳಿಸಿದೆ. ಅವಳು ಒಪ್ಪಿದ ಮೇಲೆ ಯೋಚನೆ ತಂದವರ ಸಾಲಿನಲ್ಲಿ ಎರಡು ಹೆಸರು ಬರೆದೆ. ಮೂರನೆಯ ದಿನ ಚರ್ಚೆಪುಟದಲ್ಲಿ ಅವಳ ಮೊದಲ ಮಾತು ಬಿತ್ತು: ‘ಶಿಕಾರಿಪುರದ ಪಟ್ಟಿಯಲ್ಲಿ ಒಂದೇ ಕಲ್ಲು ಎರಡು ಸಲ ಬಂದಿದೆ, ತೆಗೆಯಲೇ?’